ಹಿಮ್ಮಡಿಯ ಬ್ರೇಕು

ಚಕ್ರ ನೆಲ ಮುಟ್ಟಿದ ಕೂಡಲೇ ಗೆದ್ದೆ ಅಂದುಕೊಂಡೆ. ಅಲಾಸ್ಕದಲ್ಲಿ ಇಪ್ಪತ್ತೆರಡು ವರ್ಷ ಹಾರಿಸಿದವನಿಗೆ ಬರಬಾರದ ಯೋಚನೆ ಅದು. ಬಾಲದಡಿ ಚಕ್ರವಿರುವ ಪುಟ್ಟ ವಿಮಾನ ಆಕಾಶದಲ್ಲಿ ಹೇಳಿದ ಹಾಗೆ ಕೇಳುತ್ತದೆ. ತಿರುಗಿಬೀಳುವುದು ನೆಲದ ಮೇಲೆ.

ಹೊಳೆ ನಡುವಿನ ಜಲ್ಲಿದಿಬ್ಬದ ತುದಿಯಲ್ಲಿ ನನ್ನ ತಂಗಿ ಒಲಿಂಕಾ ಟಾರ್ಪಾಲಿನ ಮೇಲೆ ಮಲಗಿದ್ದಳು. ಏಳು ತಿಂಗಳ ಬಸುರಿ. ಗಂಡನ ಜೊತೆ ಬೇಟೆಗೆ ಬಂದವಳಿಗೆ ಬೆಳಿಗ್ಗೆಯಿಂದ ರಕ್ತ ಹೋಗುತ್ತಿತ್ತು. "ಭಾವಾ, ರಕ್ತ ನಿಲ್ತಿಲ್ಲ, ಬೇಗ ಬಾ!" ಎಂದು ಅವಳ ಗಂಡ ಇವೊನ್ ಶಿಬಿರದ ರೇಡಿಯೋದಲ್ಲಿ ಕೂಗಿದ್ದ, ಅಷ್ಟಕ್ಕೇ ಅದರ ಬ್ಯಾಟರಿ ಸತ್ತಿತ್ತು. ನಾನು ಓಡಿಹೋಗಿ ವಿಮಾನ ಹತ್ತಿದ್ದೆ. ಕಾಲಲ್ಲಿ ಚಳಿಗಾಲದ ದಪ್ಪ ರಬ್ಬರ್ ಬೂಟು. ಬಿಚ್ಚಿ ತೆಳು ಬೂಟು ಹಾಕಲು ಒಂದು ನಿಮಿಷ ಸಾಕಿತ್ತು. ಆ ನಿಮಿಷವನ್ನು ತಂಗಿಗಾಗಿ ಉಳಿಸಿದೆ ಅಂದುಕೊಂಡ ಪೆದ್ದ ನಾನು.

ಅಡ್ಡಗಾಳಿ ಬಾಲವನ್ನು ಎಡಕ್ಕೆ ತಳ್ಳಿತು, ಮೂತಿ ಬಲಕ್ಕೆ ಹೊರಳಿತು. ಅದನ್ನು ನೆಟ್ಟಗೆ ಮಾಡಲು ಎಡ ಪೆಡಲ್ ಒತ್ತಿದೆ. ನನ್ನ ವಿಮಾನದಲ್ಲಿ ಬ್ರೇಕು ಇರುವುದು ಹಿಮ್ಮಡಿಯ ಕೆಳಗೆ, ಒಂದೊಂದು ಚಕ್ರಕ್ಕೆ ಒಂದೊಂದು. ಬಲಗಾಲಿನ ದಪ್ಪ ಬೂಟು ಬಲ ಬ್ರೇಕಿನ ಮೇಲೆ ಕೂತದ್ದು ನನಗೆ ಗೊತ್ತೇ ಆಗಲಿಲ್ಲ. ಬಲ ಚಕ್ರ ಕಚ್ಚಿಕೊಂಡಿತು, ವಿಮಾನ ಗಿರ್ರನೆ ಸುತ್ತಿತು. ಎಡ ಚಕ್ರದ ಕಂಬ ಮುರಿದು ರೆಕ್ಕೆ ಜಲ್ಲಿಗೆ ಬಡಿಯಿತು.

ಇವೊನ್ ಓಡಿಬಂದ. ಬೈಯಲಿ ಎಂದು ಕಾದೆ; ಅವನು ಬಾಗಿಲು ಎಳೆದು ನನ್ನನ್ನು ಹೊರಗಿಳಿಸಿದ. ಮಲಗಿದ್ದಲ್ಲಿಂದಲೇ ತಂಗಿ ಕೇಳಿದಳು: "ಅಣ್ಣಾ, ನಿಂಗೇನಾದ್ರೂ ಪೆಟ್ಟಾಯ್ತಾ?"

ನಾಚಿಕೆಯಿಂದ ಸತ್ತೇಹೋಗಬೇಕು ಅನ್ನಿಸಿತು.

ವಿಮಾನದ ರೇಡಿಯೋ ಕೆಟ್ಟಿರಲಿಲ್ಲ. ಹತ್ತಿರದಲ್ಲೇ ಹಾರುತ್ತಿದ್ದ ರೋಡಾ ಸಿಕ್ಕಳು. ವಿಮಾನ ಸುತ್ತಿ ಬಿದ್ದದ್ದನ್ನು ಹೇಳಿದೆ.

"ಏನಯ್ಯಾ ಮಾಕ್ಸಿಮ್, ನೀನೂ ಸುತ್ತು ಹೊಡೆದ್ಯಾ? ನಂಗೆ ಪಾಠ ಹೇಳ್ಕೊಟ್ಟೋನು!"

"ನಗಬೇಡ ಕಣೇ. ನನ್ ತಂಗಿ ಸಾಯ್ತಿದಾಳೆ. ರಬ್ಬರ್ ಬೂಟಿದ್ರೆ ಬಿಚ್ಚಾಕಿ ಇಳಿ."

ಅವಳ ದನಿ ಬದಲಾಯಿತು. "ಹತ್ತು ನಿಮಿಷದಲ್ಲಿ ಬಂದೆ. ಆದ್ರೆ ನಿನ್ ವಿಮಾನ ಅಡ್ಡ ಬಿದ್ದಿದ್ರೆ ನಾನೆಲ್ಲಿ ಇಳೀಲಿ? ತೆಗಿ ಅದನ್ನ."

ದಿಬ್ಬ ಕಿರಿದು, ಎರಡೂ ಬದಿಗೆ ಹೊಳೆ. ಬಾಲ ಎತ್ತಿ, ಎಳೆದು, ಮೊಳ ಮೊಳವೇ ಸರಿಸಿದೆವು. ನೀರಿನಂಚಿಗೆ ಬಂದಾಗ ಇವೊನ್ ನಿಂತ.

"ಭಾವಾ, ನಿನ್ ಬದುಕೇ ಇದ್ರ ಮೇಲಿದೆ..."

"ತಳ್ಳೋ!"

ತಳ್ಳಿದೆವು. ಸೆಳೆತ ಅದನ್ನು ಒಮ್ಮೆ ತಿರುಗಿಸಿ ಎಳೆದುಕೊಂಡು ಹೋಯಿತು.

ರೋಡಾ ನೆಟ್ಟಗೆ ಇಳಿದಳು. ಅವಳ ಹಿಂದೆ ಇದ್ದದ್ದು ಒಂದೇ ಸೀಟು. ಒಲಿಂಕಾಳನ್ನು ಕೂರಿಸಿ ಬೆಲ್ಟು ಬಿಗಿದೆವು, ತಲೆ ನಿಲ್ಲುತ್ತಿರಲಿಲ್ಲ. ಇವೊನ್ ಅವಳ ಕೈ ಬಿಡಲೊಲ್ಲ. ನಾನೇ ಬೆರಳು ಬಿಡಿಸಿದೆ. ವಿಮಾನ ಆಸ್ಪತ್ರೆಯ ಕಡೆ ಹೋಯಿತು. ಅರ್ಧ ಗಂಟೆಯಲ್ಲಿ ಮಂಜು ಕವಿಯಿತು. ಮರುದಿನವೂ ಬಿಡಲಿಲ್ಲ. ಯಾರೂ ಬರುವಂತಿರಲಿಲ್ಲ.

"ಭಾವಾ, ಬದ್ಕಿದಾಳಾ ಅಂತ ಕೇಳು" ಎಂದ ಇವೊನ್.

ಕೇಳಲು ಇದ್ದ ಒಂದೇ ರೇಡಿಯೋವನ್ನು ವಿಮಾನದ ಜೊತೆ ನಾವಿಬ್ಬರೇ ಹೊಳೆಗೆ ತಳ್ಳಿದ್ದೆವು. ಅವನಿಗೂ ಅದು ಗೊತ್ತಿತ್ತು. ಆದರೂ ಮತ್ತೆ ಕೇಳಿದ.