ಗೋಡೆಯಿಂದ ಇಳಿದ ಸೈಕಲ್

ಭೀಮಾಶಂಕರನಿಗೆ ತಂಗಿಗಿಂತ ತಂಗಿಯ ಸೈಕಲ್ ಮೇಲೆ ಪ್ರೀತಿ ಹೆಚ್ಚು. ಸಾರವಾಡದ ಮನೆಯ ಪಡಸಾಲೆಯಲ್ಲಿ ಎರಡು ಮೊಳೆ ಹೊಡೆದು, ಆ ರೇಸ್ ಸೈಕಲನ್ನು ದೇವರ ಫೋಟೊಗಳ ಸಾಲಿನಲ್ಲೇ ತೂಗುಹಾಕಿದ್ದ. ಬಂದವರಿಗೆಲ್ಲ ಚಹಾಕ್ಕಿಂತ ಮೊದಲು ಅದರ ಪುರಾಣ. "ತಿಕೋಟಾ ರಸ್ತಾದಾಗ ತಂಗಿನ್ನ ನಾನ ತಯಾರ ಮಾಡಿದ್ದು. ಜಿಲ್ಲಾಕ್ಕ ಫಸ್ಟ್ ಬಂದ್ಲು!" ಸುಳ್ಳೇನಲ್ಲ. ನಸುಕಿನಲ್ಲಿ ಎಬ್ಬಿಸಿ, ಮೋಟರ್‌ಸೈಕಲ್ ಏರಿ ಹಿಂದೆ ಬಿದ್ದು, ಹಾರ್ನ್ ಹೊಡೆದು ಹೊಡೆದು ಅವಳನ್ನು ಓಡಿಸಿದವನು ಅವನೇ. ರಾಜ್ಯ ತಂಡದ ಆಯ್ಕೆಯ ದಿನವೇ ಹೆಣ್ಣು ನೋಡಲು ಬರುತ್ತಾರೆಂದು ಸೈಕಲನ್ನು ಗೋಡೆಗೇರಿಸಿದವನೂ ಅವನೇ. ಪುರಾಣದಲ್ಲಿ ಆ ಅಧ್ಯಾಯ ಮಾತ್ರ ಬರುತ್ತಿರಲಿಲ್ಲ.

ತಂಗಿ ಸುಧಾರಾಣಿ ಈಗ ವಿಜಯಪುರದಲ್ಲಿ ರಕ್ತ ತಪಾಸಣೆಯ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದಾಳೆ. ಮನೆಮನೆಗೆ ಹೋಗಿ ರಕ್ತ ತೆಗೆದುಕೊಂಡು ಬರುವ ಕೆಲಸ. ನಡೆದರೆ ಕಾಲು, ಆಟೊ ಹತ್ತಿದರೆ ಪಗಾರ, ಎರಡರಲ್ಲಿ ಒಂದು ಸವೆಯಲೇಬೇಕು. ಗೋಡೆಯ ಮೇಲೆ ಸುಮ್ಮನೆ ತೂಗುವ ಸೈಕಲ್ ನೆನಪಾಗಿ ಅಣ್ಣನಿಗೆ ಫೋನ್ ಮಾಡಿದಳು.

"ಅದು ಓಣ್ಯಾಗ ಹೊಡಿಯೂ ಸೈಕಲ್ ಅಲ್ಲ," ಎಂದ ಭೀಮಾಶಂಕರ. "ಐತಾರ ಬಬಲೇಶ್ವರದಾಗ ಸೈಕಲ್ ಸಂಘದ ಉದ್ಘಾಟನಾ ಐತಿ. ನನಗ ಸತ್ಕಾರ ಇಟ್ಕೊಂಡಾರ. ಸೈಕಲ್ ವೇದಿಕಿ ಮ್ಯಾಲೆ ನಿಂದ್ರಸಬೇಕು."

"ನಿನಗ ಸತ್ಕಾರ? ಹೊಡದಾಕಿ ನಾನಲ್ಲ?"

"ನೀ ನಿನ್ನ ಸಂಸಾರ ನೋಡ್ಕೊ."

ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ! ಸುಧಾರಾಣಿಗೆ ಮೈಯೆಲ್ಲ ಉರಿಯಿತು. ಮರುದಿನ ಅಣ್ಣ ಹೊಲಕ್ಕೆ ಹೋಗಿದ್ದ ಹೊತ್ತು ನೋಡಿ ಸಾರವಾಡಕ್ಕೆ ಬಂದಳು. ಅವಳು ಏಣಿ ಹತ್ತಿದರೆ ತಾಯಿ ಹುಚ್ಚವ್ವ ಕೆಳಗೆ ಗಟ್ಟಿಯಾಗಿ ಹಿಡಿದು ನಿಂತಳು.

"ಒಯ್ಯವಾ, ನನಗ ಧೂಳ ಒರಸೂದರ ತಪ್ಪತೈತಿ," ಎಂದಳು ಮುದುಕಿ.

ಸೈಕಲ್ ಜೀಪಿನ ನೆತ್ತಿ ಏರಿ ವಿಜಯಪುರಕ್ಕೆ ಬಂತು.

ರಿಪೇರಿ ಅಂಗಡಿಯ ಯುನುಸ ಅದನ್ನು ಸುತ್ತು ಹಾಕಿ ನೋಡಿದ. ಬಡಕಲು ಸೀಟು ತೆಗೆದು, ಗುಜರಿಯಿಂದ ಸ್ಪ್ರಿಂಗಿನ ಅಗಲ ಸೀಟು ಹುಡುಕಿ ಕೂರಿಸಿದ. ಯಾವುದೋ ಹಳೆಯ ಸೈಕಲ್ಲಿನ ಮಡ್ಗಾರ್ಡು, ಲ್ಯಾಬಿನ ಡಬ್ಬಿ ಇಡಲು ಕ್ಯಾರಿಯರು, ಒಂದು ಗಂಟೆ. ಉಳಿದದ್ದು ಹ್ಯಾಂಡಲ್. ಟಗರಿನ ಕೋಡಿನ ಹಾಗೆ ಕೆಳಕ್ಕೆ ಬಾಗಿದ, ರೇಸಿನವರು ನೆಲಕ್ಕೆ ಮುಖ ಹಾಕಿ ಹಿಡಿಯುವ ಹ್ಯಾಂಡಲ್.

"ಹೊಸಾದು ಬ್ಯಾಡ್ರಿ ಅಕ್ಕಾರ," ಎಂದ ಯುನುಸ. "ಇದನ್ನ ತಲಿಕೆಳಗ ಮಾಡಿ ಮ್ಯಾಲೆತ್ತಿದ್ರ ನೆಟ್ಟಗ ಕುಂದರಬಹುದು. ಆದ್ರ ಈ ತುದಿ ಎರಡೂ ಹೊಟ್ಟಿಗೆ ಚುಚ್ಚತಾವ. ಕೊಯ್ದರ ಚೊಲೊ."

ಸುಧಾರಾಣಿಯ ಕೈ ತಾನಾಗಿ ಆ ತುದಿಗಳ ಮೇಲೆ ಹೋಯಿತು. ಅಲ್ಲಿ ಸುತ್ತಿದ್ದ ಕರಿಪಟ್ಟಿ ಅವಳ ಅಂಗೈಗೇ ಸವೆದದ್ದು.

"ಕೊಯ್ಯೂದು ಬ್ಯಾಡ," ಎಂದಳು. "ಚುಚ್ಚಿದ್ರ ಚುಚ್ಚಲಿ."

ಯುನುಸ ಹ್ಯಾಂಡಲ್ ತಿರುವಿ ಬೋಲ್ಟು ಬಿಗಿಯುತ್ತಿದ್ದಾಗಲೇ ಭೀಮಾಶಂಕರನ ಮೋಟರ್‌ಸೈಕಲ್ ಅಂಗಡಿಯ ಮುಂದೆ ನಿಂತಿತು. ಖಾಲಿ ಗೋಡೆ ನೋಡಿ ಅಲ್ಲಿಂದಲೇ ಕುದಿಯುತ್ತ, ಲ್ಯಾಬಿನಲ್ಲಿ ವಿಚಾರಿಸಿಕೊಂಡು ಬಂದಿದ್ದ.

"ಏನ ಮಾಡಿಟ್ಟಿ ಇದು! ಹಾಲ ಮಾರಾವ್ರ ಸೈಕಲ್ ಮಾಡಿಯಲ್ಲ! ಕಳ್ಳರಂಗ ಹೊತ್ಕೊಂಡು ಬಂದಿ, ನಾಚಿಕಿ ಬರಲಿಲ್ಲ?"

"ನನ್ನ ಸೈಕಲ್ ನಾ ತಂದೇನಿ. ಕಳುವು ಯಾರು ಮಾಡ್ಯಾರ ನೀನ ಹೇಳು."

ಜಗಳ ತಣಿಸಲು ಹೋಗಿ ಯುನುಸ ಬಾಯಿ ಬಿಟ್ಟ. "ಸಿಟ್ಟ ಆಗಬ್ಯಾಡ್ರಿ ಅಣ್ಣಾರ. ಏನೂ ಕೆಟ್ಟಿಲ್ಲ, ಬೋಲ್ಟ್ ಬಿಚ್ಚಿ ತಿರುವಿದ್ರ ಮತ್ತ ಮೊದಲಿನಂಗ."

"ಹಂಗಾರ ತಿರುವು! ಸೀಟ್ ಕೀಳು, ಆ ಗಂಟಿ ಕೀಳು. ಈಗಿಂದೀಗ ಒಯ್ಯತೇನಿ."

ಸುಧಾರಾಣಿಗೆ ಆಗ ತಿಳಿಯಿತು. ಆ ಬಾಗಿದ ತುದಿಗಳು ಇರುವವರೆಗೂ ಈ ಸೈಕಲ್ ತನ್ನದಾಗುವುದಿಲ್ಲ. ಇವತ್ತು ಬಿಡಿಸಿಕೊಂಡರೆ ನಾಳೆ ಬರುತ್ತಾನೆ, ಮತ್ತೆ ಗೋಡೆಗೆ ಏರಿಸುತ್ತಾನೆ. ಅವಳು ಹಲಗೆಯ ಮೇಲಿದ್ದ ಗರಗಸ ಎತ್ತಿಕೊಂಡಳು.

"ಯುನುಸಭಾಯ್, ಗಟ್ಟಿ ಹಿಡೀರಿ."

"ಹುಚ್ಚ ಹಿಡದೈತೇನ ನಿನಗ!" ಭೀಮಾಶಂಕರ ಕೂಗಿದ.

"ನೀ ಇದನ್ನ ಗೋಡಿಗೇರ್ಸಿದ ದಿನಾನ ಹಿಡೀಬೇಕಿತ್ತು. ತಡಾ ಆತು."

ಗರಗಸ ಕಿರುಚಿತು. ಕೊಯ್ಯುತ್ತ ಅವಳ ಕಣ್ಣು ತುಂಬಿ ಹರಿಯಿತು. ಅಳು ಬಂದದ್ದು ಹ್ಯಾಂಡಲ್ಲಿಗಾಗಿ, ಅಣ್ಣನಿಗಾಗಿ ಅಲ್ಲ. ಒಂದು ತುಂಡು ಬಿತ್ತು. ಇನ್ನೊಂದೂ ಬಿತ್ತು. ಎರಡನ್ನೂ ಹೆಕ್ಕಿ ಅವನ ಕೈಯಲ್ಲಿಟ್ಟಳು.

"ತಗೋ. ಇವನ್ನ ನಿಂದ್ರಸು ವೇದಿಕಿ ಮ್ಯಾಲೆ."

ಭೀಮಾಶಂಕರನ ಮುಖ ಕಪ್ಪಿಟ್ಟಿತು. "ಇನ್ನ ನನ್ನ ಮನಿ ಹೊಸ್ತಲಾ ತುಳದೀ ಅಂದ್ರ ನೋಡು!"

"ಅವ್ವ ಇರೂತನಕ ತುಳಿಯಾಕಿನ. ನೀ ಬಾಗಲಾ ಹಾಕ್ಕೊ ಬೇಕಾದ್ರ."

ಅವಳು ಅಗಲ ಸೀಟಿನ ಮೇಲೆ ನೆಟ್ಟಗೆ ಕೂತು ರಸ್ತೆಗಿಳಿದಳು. ಎಷ್ಟೋ ವರ್ಷಗಳ ಮೇಲೆ ಪೆಡಲ್ ಕಾಲಿಗೆ ಸಿಕ್ಕಿತ್ತು, ಬೆನ್ನಿಗೆ ನೋವೇ ಇರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಹಾರ್ನ್ ಕೇಳಿಸಿತು. ಅದೇ ಮೋಟರ್‌ಸೈಕಲ್, ತಿಕೋಟಾ ರಸ್ತೆಯ ಅದೇ ಹಾರ್ನ್. ಕೇಳಿದ್ದೇ ತಡ ಮೈ ಮುಂದಕ್ಕೆ ಬಾಗಿತು, ಎರಡೂ ಕೈ ಕೆಳಕ್ಕೆ ಹೋದವು. ಅಲ್ಲಿ ಹಿಡಿಯಲು ಏನೂ ಇರಲಿಲ್ಲ.

ಸೈಕಲ್ ಓಲಾಡಿತು. ಅವಳು ಕೈ ಮೇಲೆ ತಂದು, ಬೆನ್ನು ನೆಟ್ಟಗೆ ಮಾಡಿಕೊಂಡಳು. ಹಾರ್ನ್ ಬಡಿದುಕೊಳ್ಳುತ್ತಲೇ ಇತ್ತು. ಸುಧಾರಾಣಿ ವೇಗ ಹೆಚ್ಚಿಸಲಿಲ್ಲ, ದಾರಿಯನ್ನೂ ಬಿಡಲಿಲ್ಲ.