ಕೊಡೆ ತಾತ ಹೊಲಿದ ಮೇಲ್ಚಡ್ಡಿ

ಕೊಡೆ ರಿಪೇರಿಗೆ ಬಂದ ಗಿರಾಕಿ ಯಾರೂ ಕೊಡೆ ತಾತನಿಂದ ಬೈಸಿಕೊಳ್ಳದೆ ಹೋದದ್ದಿಲ್ಲ. ಕೊಡೆಯನ್ನು ಪಟ್ಟನೆ ಬಿಚ್ಚುವುದು, ಬಟ್ಟೆಯನ್ನು ಮೂಗಿಗೆ ಹಿಡಿಯುವುದು, ಮುಖ ಸಿಂಡರಿಸುವುದು. ಆಮೇಲೆ ಶುರು.

"ಒದ್ದೆ ಕೊಡೆ ಮಡಚಿ ಮೂಲೆಗೆ ಇಟ್ಟಿದ್ದೀರಿ ಅಲ್ವಾ? ಕೊಳೆಯದೆ ಇನ್ನೇನು ಹೂ ಬಿಡುತ್ತಾ? ಮನೆಗೆ ಹೋದ ತಕ್ಷಣ ಬಿಚ್ಚಿ ಗಾಳಿಗೆ ಇಡ್ಬೇಕು. ಎಷ್ಟು ಸಲ ಬಡ್ಕೊಳ್ಳೋದು?"

ಬೈಗುಳ ಬಿಟ್ಟಿ, ಕೆಲಸ ಗಟ್ಟಿ ಎಂದು ಬೀದಿಯವರು ನಗುತ್ತಿದ್ದರು. ತಾತ ಹೊಲಿದ ಕೊಡೆಯಿಂದ, ಅಂಟು ಹಾಕಿದ ರೇನ್‌ಕೋಟಿನಿಂದ ಒಂದು ಹನಿ ಸೋರಿದ್ದುಂಟೇ? ಸೋರಿದರೆ ಹೊಲಿಗೆ ಮಿಷನ್ನನ್ನೇ ಗುಜರಿಗೆ ಹಾಕುತ್ತೇನೆ ಎಂದು ಆತ ಎಲ್ಲರಿಗೂ ಸವಾಲು ಹಾಕಿದ್ದ.

ಹೊರಗೆ ಇಷ್ಟು ಜೋರಿದ್ದ ತಾತ ಅಂಗಡಿಯ ಹಿಂದಿನ ಕೋಣೆಗೆ ಕಾಲಿಟ್ಟರೆ ಮಾತ್ರ ಬೆಣ್ಣೆಯಾಗಿಬಿಡುತ್ತಿದ್ದ. ಅಲ್ಲಿ ಆರು ತಿಂಗಳ ಮೊಮ್ಮಗಳಿದ್ದಳು. ಎಲ್ಲರ ಬಾಯಲ್ಲೂ ಅವಳು ಗುಬ್ಬಿ. ಗುಬ್ಬಿಯ ಅಮ್ಮ, ಅಂದರೆ ತಾತನ ಮಗಳು, ಬಸ್ ಕಂಡಕ್ಟರ್. ಹೆರಿಗೆ ರಜೆ ಮುಗಿಯುತ್ತ ಬಂದಿತ್ತು. ಬರುವ ಸೋಮವಾರ ಡ್ಯೂಟಿಗೆ ಹಾಜರಾಗದಿದ್ದರೆ ಆ ಕೆಲಸ ಇನ್ನೊಬ್ಬರ ಪಾಲು. ಅಳಿಯ ಲಾರಿ ಡ್ರೈವರ್, ಅವನು ಮನೆಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಹಗಲು ಮಗುವನ್ನು ನೋಡಿಕೊಳ್ಳುವವನು ತಾತನೊಬ್ಬನೇ.

ಆದರೆ ಗುಬ್ಬಿ ಒಂದು ವಾರದಿಂದ ಅಳು ನಿಲ್ಲಿಸಿರಲಿಲ್ಲ. ಎತ್ತಿಕೊಂಡರೆ ಬಿಕ್ಕಳಿಸುತ್ತಿದ್ದಳು, ಮಲಗಿಸಿದರೆ ಕಿರುಚುತ್ತಿದ್ದಳು.

ಅಂಥ ಒಂದು ಬೆಳಿಗ್ಗೆ, ಬೀದಿ ಬೀದಿ ಸುತ್ತಿ ಮಕ್ಕಳ ತೂಕ ನೋಡುವ ನರ್ಸಮ್ಮ ಕಡ್ಡಿ ಮುರಿದ ಕೊಡೆ ಹಿಡಿದುಕೊಂಡು ಅಂಗಡಿಗೆ ಬಂದಳು. ತಾತ ಕೊಡೆ ಬಿಚ್ಚಿದ, ಮೂಸಿದ, ಸಿಂಡರಿಸಿದ.

"ಓದಿದೋರು ನೀವೇ ಹಿಂಗೆ ಮಾಡಿದ್ರೆ ಹೇಗಮ್ಮ? ಒದ್ದೆ ಕೊಡೆ ಮಡಚಿ..."

"ತಪ್ಪಾಯ್ತು ತಾತ, ತಪ್ಪಾಯ್ತು," ಎಂದು ನರ್ಸಮ್ಮ ಕೈಮುಗಿದಳು. "ಅದಿರ್ಲಿ, ಒಳಗೆ ಮಗು ಯಾಕೆ ಹಂಗೆ ಅಳ್ತಿದೆ?"

ಮಗಳು ಗುಬ್ಬಿಯನ್ನು ಎತ್ತಿಕೊಂಡು ಬಂದಳು. ನರ್ಸಮ್ಮ ಡೈಪರ್ ಬಿಚ್ಚಿ ನೋಡಿದಳು. ತೊಡೆಯ ಸಂದಿಯಿಂದ ಹಿಂಭಾಗದವರೆಗೆ ಚರ್ಮ ಕೆಂಪಗೆ ಉರಿಯುತ್ತಿತ್ತು.

"ಯಾವಾಗ ಹಾಕಿದ್ದು ಇದು?"

"ರಾತ್ರಿ ಮಲಗೋವಾಗ," ಎಂದಳು ಮಗಳು, ಮೆಲ್ಲಗೆ. "ತುಂಬೋವರೆಗೂ ಇರ್ಲಿ ಅಂತ. ಸುಮ್ನೆ ಎಷ್ಟಂತ ಬಿಸಾಡೋದು?"

"ಅಂಗಡಿ ಡೈಪರ್ ಹಾಕೋದು ತಪ್ಪಲ್ಲಮ್ಮ. ಒದ್ದೆ ಆದ್ಮೇಲೂ ಹಂಗೇ ಬಿಡೋದು ತಪ್ಪು. ಮನೇಲಿ ನೀವೇ ಬಟ್ಟೆ ನ್ಯಾಪಿ ಹೊಲ್ಕೊಳ್ಳಿ. ಹಳೇ ಹತ್ತಿ ಬೆಡ್‌ಶೀಟು, ಬನಿಯನ್ನು, ಟವೆಲ್ಲು ಸಾಕು. ಒಗೆದು ಒಗೆದು ಮೆತ್ತಗಾದ ಬಟ್ಟೆ ಇದ್ಯಲ್ಲ, ಅದಕ್ಕಿಂತ ಒಳ್ಳೇದು ಮಗು ಮೈಗೆ ಇನ್ನೊಂದಿಲ್ಲ. ಒದ್ದೆ ಆಯ್ತಾ, ಬದಲಾಯಿಸಿದ್ರಾಯ್ತು. ಬಿಸಾಡಬೇಕಲ್ಲಾ ಅನ್ನೋ ಸಂಕಟ ಇಲ್ಲ, ಒಗೆದು ಮತ್ತೆ ಹಾಕಬಹುದು."

ತಾತ ಫಕ್ಕನೆ ನಕ್ಕ. "ಬಟ್ಟೇನಾ? ಚೆನ್ನಾಗಿ ಹೇಳಿದ್ರಿ! ನಿಮಿಷಕ್ಕೆ ಹಾಸಿಗೆ ಒದ್ದೆ, ಇನ್ನೊಂದು ನಿಮಿಷಕ್ಕೆ ನನ್ನ ಮಡಿಲು ಒದ್ದೆ. ಅಂಗಡಿಗೆ ಬಂದ ಗಿರಾಕಿ ಮೂಗು ಮುಚ್ಕೊಂಡು ಓಡ್ಬೇಕು!"

"ಅದಕ್ಕೇ ಮೇಲೊಂದು ನೀರು ಇಳಿಯದ ಚಡ್ಡಿ ಹಾಕ್ತಾರೆ ತಾತ. ಹೊಲಿಯೋಕೆ ಬರುತ್ತಲ್ಲ ನಿಮಗೆ?"

ಕೇಳಬಾರದ ಪ್ರಶ್ನೆ ಅದು. ನೀರು ಇಳಿಯದ ಬಟ್ಟೆ ಹೊಲಿಯಲು ಬರುತ್ತಾ ಎಂದು ಕೊಡೆ ತಾತನನ್ನು ಕೇಳುವುದೇ! ಬಟ್ಟೆ ಹೇಗಿರಬೇಕು ಎಂದು ನರ್ಸಮ್ಮ ಬಾಯಿ ತೆರೆಯುವಷ್ಟರಲ್ಲಿ ತಾತ ಕೈ ಅಡ್ಡ ಹಿಡಿದ. "ನೀವು ನರ್ಸಿಂಗ್ ನೋಡ್ಕೊಳ್ಳಿ. ನೀರಿನ ವಿಷಯ ನನಗೆ ಬಿಡಿ."

ಅಂದೇ ಮಗಳು ಹಳೇ ಬೆಡ್‌ಶೀಟು ಕತ್ತರಿಸಿ, ನಡುವೆ ಟವೆಲ್ ತುಂಡು ಇಟ್ಟು, ನ್ಯಾಪಿಗಳನ್ನು ಹೊಲಿದಳು. ತಾತ ಅತ್ತ ಕಡೆ ಒಂದು ದಪ್ಪ ರೇನ್‌ಕೋಟಿನ ಬೆನ್ನಿನ ಭಾಗವನ್ನೇ ಕತ್ತರಿಸಿ ಕೂತ. ಎರಡೆರಡು ಸಾಲು ಹೊಲಿಗೆ, ಪ್ರತಿ ಹೊಲಿಗೆಗೂ ಅಂಟು, ಸೊಂಟಕ್ಕೆ ತೊಡೆಗೆ ಎಳೆದು ಕೂರಿಸಿದ ಇಲಾಸ್ಟಿಕ್. ಮುಗಿದ ಮೇಲೆ ಆ ಮೇಲ್ಚಡ್ಡಿಗೆ ಚೊಂಬಿನಿಂದ ನೀರು ಸುರಿದು, ಬಾಗಿಲ ಮೊಳೆಗೆ ತೂಗುಹಾಕಿ, ಪಕ್ಕದ ಚಪ್ಪಲಿ ಅಂಗಡಿಯವನನ್ನು ಕೂಗಿ ಕರೆದ.

"ನೋಡಯ್ಯಾ, ಒಂದು ಹನಿ ಬಿದ್ರೆ ಹೇಳು!"

ಚಪ್ಪಲಿಯವನು ಬಗ್ಗಿ ನೋಡಿದ, ಕೈಯೊಡ್ಡಿ ನೋಡಿದ. "ತಾತ, ಇದನ್ನ ಹಾಕಿದ್ರೆ ಮಗು ಕೆರೇಲಿ ತೇಲುತ್ತೆ," ಎಂದ. ತಾತ ಮೀಸೆ ತಿರುವಿದ.

ಮರುದಿನ ಮಗಳು ಡಿಪೋಗೆ ಹೋಗಿ ಯೂನಿಫಾರ್ಮ್ ತರಬೇಕಿತ್ತು. ಎದೆಹಾಲು ಹಿಂಡಿಟ್ಟು, ಗುಬ್ಬಿಗೆ ಬಟ್ಟೆ ನ್ಯಾಪಿ ಕಟ್ಟಿ, ಮೇಲೆ ತಾತನ ಚಡ್ಡಿ ತೊಡಿಸಿ ಹೊರಟಳು. ತಾತ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡು ಕೆಲಸಕ್ಕೆ ಕೂತ. ಆಗಾಗ ಹಾಸಿಗೆ ಮುಟ್ಟಿ ನೋಡುತ್ತಿದ್ದ. ಒಣಗಿತ್ತು. ಲಂಗ ಮುಟ್ಟಿದ. ಅದೂ ಒಣಗಿತ್ತು. "ಭಲೇ!" ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ. ಮಧ್ಯಾಹ್ನದ ಮೇಲೆ ಗುಬ್ಬಿ ಅಳಲು ಶುರು ಮಾಡಿದಾಗ, ಅಮ್ಮ ಬೇಕೇನೋ ಎಂದು ಎತ್ತಿ ಆಡಿಸಿದ, ಹಾಲು ಕುಡಿಸಿದ, ಕೊಡೆ ತಿರುಗಿಸಿ ತೋರಿಸಿದ. ಹಾಸಿಗೆ ಒಣಗಿರುವಾಗ ಚಡ್ಡಿ ಬಿಚ್ಚಿ ನೋಡುವುದು ಅವನ ತಲೆಗೇ ಹೊಳೆಯಲಿಲ್ಲ.

ಸಂಜೆ ಮಗಳು ಬಂದು ಚಡ್ಡಿ ಬಿಚ್ಚಿದಳು. ಒಳಗಿನ ನ್ಯಾಪಿ ಹಿಂಡಿದರೆ ಸುರಿಯುವಂತಿತ್ತು. ಬೆವರು, ಉಚ್ಚೆ, ಬಿಸಿ ಎಲ್ಲ ಸೇರಿ ನೆನ್ನೆಯ ಕೆಂಪು ಇಂದು ಇಮ್ಮಡಿಯಾಗಿತ್ತು. ತೊಡೆಯ ಸುತ್ತ ಇಲಾಸ್ಟಿಕ್ಕಿನ ಬರೆ ಎದ್ದಿತ್ತು.

"ಒಂದು ಸಲಾನೂ ಬದಲಾಯಿಸಿಲ್ವಾ ಅಪ್ಪಾ?"

"ಸೋರ್ಲೇ ಇಲ್ವಲ್ಲೇ," ಎಂದ ತಾತ. ತನ್ನ ಮಾತು ತನಗೇ ಪೆದ್ದುಪೆದ್ದಾಗಿ ಕೇಳಿಸಿತು.

ಮಗಳು ರೇಗಲಿಲ್ಲ. ರೇಗಿದ್ದರೆ ತಾತನಿಗೆ ಎಷ್ಟೋ ವಾಸಿಯಾಗುತ್ತಿತ್ತು. ಮಗುವನ್ನು ಬೆಚ್ಚಗಿನ ನೀರಿನಲ್ಲಿ ಒರೆಸುತ್ತ, ಕಣ್ಣೊರೆಸಿಕೊಳ್ಳುತ್ತ, "ಯೂನಿಫಾರ್ಮ್ ವಾಪಸ್ ಕೊಟ್ಟು ಬರ್ತೀನಿ ಬಿಡಪ್ಪಾ," ಎಂದಳು. "ಇವಳನ್ನ ಹೀಗೆ ಬಿಟ್ಟು ಹೋದ್ರೆ ನನಗೆ ಬಸ್ಸಲ್ಲಿ ನಿಲ್ಲೋಕಾಗಲ್ಲ. ನಿನ್ನ ನಂಬಿ ಹೇಗೆ ಹೋಗ್ಲಿ?"

ತಾತನ ಎದೆಗೆ ಚೂರಿ ಹಾಕಿದಂತಾಯಿತು. ಆ ಕೆಲಸಕ್ಕಾಗಿ ಮಗಳು ಎಷ್ಟು ಅಲೆದಿದ್ದಳು, ಎಷ್ಟು ಓದಿದ್ದಳು, ಅವನಿಗೆ ಗೊತ್ತಿತ್ತು. 

ಬೆಳಿಗ್ಗೆ ಅಂಗಡಿ ಬಾಗಿಲು ಹಾಕಿ, ಚಡ್ಡಿಯನ್ನೂ ಒಂದು ಒದ್ದೆ ನ್ಯಾಪಿಯನ್ನೂ ಪೇಪರಿನಲ್ಲಿ ಸುತ್ತಿಕೊಂಡು, ಮಗಳು ಮೊಮ್ಮಗಳೊಂದಿಗೆ ತಾತ ಆರೋಗ್ಯ ಕೇಂದ್ರಕ್ಕೆ ಹೋದ. ನರ್ಸಮ್ಮನ ಮೇಜಿನ ಮೇಲೆ ಪೊಟ್ಟಣ ಇಟ್ಟು, "ರಿಪೇರಿಗೆ ತಂದಿದ್ದೀನಮ್ಮ," ಎಂದ.

ನರ್ಸಮ್ಮ ಮೊದಲು ಮಗುವನ್ನು ನೋಡಿದಳು. ಚರ್ಮ ಒಡೆದಿಲ್ಲ, ಜ್ವರ ಇಲ್ಲ, ಗಾಬರಿ ಬೇಡ ಎಂದು ಧೈರ್ಯ ಹೇಳಿ, ಹಚ್ಚಲು ಮುಲಾಮು ಕೊಟ್ಟಳು. ಆಮೇಲೆ ಪೊಟ್ಟಣ ಬಿಚ್ಚಿದಳು. ಮೂಗಿನ ಹತ್ತಿರ ಹಿಡಿದಳು. ಮುಖ ಸಿಂಡರಿಸಿದಳು.

"ಒದ್ದೆ ಕೊಡೆ ಮಡಚಿ ಮೂಲೆಗೆ ಇಟ್ಟಿದ್ದೀರಿ ಅಲ್ವಾ ತಾತ?"

ತಾತ ಪೊಟ್ಟಣದ ಕಡೆ ನೋಡಿದ. ನಿಧಾನಕ್ಕೆ ಅರ್ಥವಾಯಿತು. ನೀರು ಹೊರಗೆ ಬರಲಿಲ್ಲ ನಿಜ, ಆದರೆ ಎಲ್ಲ ನೀರೂ ಒಳಗೇ, ಮಗುವಿನ ಮೈಗೇ ಅಂಟಿಕೊಂಡು ಕೂತಿತ್ತು. ಬೆಳಗಿನಿಂದ ಸಂಜೆವರೆಗೆ ಊರಿಗೆಲ್ಲ ಹೇಳುವ ಬುದ್ಧಿ ಮನೆಯೊಳಗೆ ಕಾಲಿಟ್ಟಿರಲಿಲ್ಲ.

"ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅಂದ್ರೆ ನಾನೇ ಕಣಮ್ಮ," ಎಂದು ಹಣೆ ಬಡಿದುಕೊಂಡ. "ಈಗ ಹೇಳಿ, ಕೇಳ್ತೀನಿ. ಬಾಯಿ ತೆರೆದ್ರೆ ನನ್ನ ಮಗಳಾಣೆ."

ನರ್ಸಮ್ಮ ಕುರ್ಚಿ ಎಳೆದು ಕೂರಿಸಿದಳು. "ನಿಮ್ಮ ಹೊಲಿಗೆಗೆ ಹೆಸರಿಡೋ ಹಾಗಿಲ್ಲ ತಾತ. ಬಟ್ಟೆ ಮಾತ್ರ ಬೇರೆ ಬೇಕು. ರೇನ್‌ಕೋಟು, ಪ್ಲಾಸ್ಟಿಕ್ ಕವರು ಇವೆಲ್ಲ ಬೇಡ, ಗಾಳಿ ಆಡಲ್ಲ, ಮೈ ಬೇಯುತ್ತೆ. ಮಕ್ಕಳ ಹಾಸಿಗೆ ಮೇಲೆ ಹಾಸೋ ತೆಳು ವಾಟರ್‌ಪ್ರೂಫ್ ಬಟ್ಟೆ ಸಿಗುತ್ತೆ. ಒಂದು ಕಡೆ ಮೆತ್ತಗೆ, ಇನ್ನೊಂದು ಕಡೆ ನುಣ್ಣಗೆ. ಅಂಟು ಬೇಡ. ಹೊಲಿಗೆ ಅಂಚಿಗೆ ಮಾತ್ರ ಹಾಕಿ, ನಡುವೆ ಸೂಜಿ ಚುಚ್ಚಬೇಡಿ, ಅಲ್ಲೇ ಸೋರೋದು."

"ಗುಂಡುಸೂಜಿನೂ ಚುಚ್ಚಬಾರ್ದು," ಎಂದ ತಾತ, ಆಣೆ ಮರೆತು. "ಬಟ್ಟೆ ಒಣಹಾಕೋ ಕ್ಲಿಪ್ಪಲ್ಲಿ ಹಿಡ್ಕೊಂಡು ಹೊಲೀಬೇಕು. ಕೊಡೆ ಬಟ್ಟೆಗೂ ಹಂಗೇ."

"ನೋಡಿ, ನನಗಿಂತ ಚೆನ್ನಾಗಿ ಗೊತ್ತು! ಇಲಾಸ್ಟಿಕ್ ಒಳಗೆ ನಿಮ್ಮ ಎರಡು ಬೆರಳು ಆರಾಮಾಗಿ ಹೋಗ್ಬೇಕು. ಗುಂಡಿ ಬೇಡ, ಕಿತ್ತು ಬಂದ್ರೆ ಮಗು ಬಾಯಿಗೆ ಹಾಕ್ಕೊಳ್ಳುತ್ತೆ. ಚರ್ ಅಂತ ಕೀಳ್ತೀವಲ್ಲ, ವೆಲ್ಕ್ರೋ ಪಟ್ಟಿ, ಅದನ್ನ ಹೊಲಿಯಿರಿ. ಅದು ಮೈಗೆ ತಾಗದ ಹಾಗಿರಲಿ."

"ಒಗೆಯೋದು?" ಎಂದು ಮಗಳು ಕೇಳಿದಳು.

"ಕಕ್ಕ ಆಗಿದ್ರೆ ಅದನ್ನ ಕಕ್ಕಸಿಗೆ ಹಾಕಿ, ಮೊದಲು ಬರೀ ನೀರಲ್ಲಿ ಜಾಲಾಡಿ. ಆಮೇಲೆ ಸೋಪು. ಸೋಪಿನ ನೊರೆ ಒಂಚೂರೂ ಉಳೀದೆ ಹಿಂಡಿ, ಬಿಸಿಲಲ್ಲಿ ಗರಿಗರಿ ಆಗೋವರೆಗೂ ಒಣಗಿಸಿ. ಘಮಘಮ ಅನ್ನೋ ಕಂಡೀಷನರ್ ಬೇಡ, ಅದು ಹಾಕಿದ್ರೆ ಬಟ್ಟೆ ನೀರು ಹೀರಲ್ಲ. ನಿಮ್ಮ ಕೈನೂ ಸೋಪು ಹಾಕಿ ತೊಳ್ಕೊಳ್ಳಿ. ತಾತ, ಎಲ್ಲಕ್ಕಿಂತ ದೊಡ್ಡದು ಒಂದಿದೆ. ಮೇಲ್ಚಡ್ಡಿ ಹಾಸಿಗೆ ಕಾಯುತ್ತೆ. ಮಗೂನ ಕಾಯೋದು ನೀವು. ಆಗಾಗ ಬೆರಳು ಹಾಕಿ ನೋಡ್ತಾ ಇರಿ. ಒದ್ದೆ ಅನ್ಸಿದ್ರೆ ಅಲ್ಲೇ ಬದಲಾಯಿಸಿ. ದಿನಕ್ಕೆ ಸ್ವಲ್ಪ ಹೊತ್ತು ಏನೂ ಹಾಕದೆ ಗಾಳಿಗೆ ಬಿಡಿ."

"ಬಿಚ್ಚಿ ಗಾಳಿಗೆ ಇಡ್ಬೇಕು," ಎಂದು ತಾತ ತನ್ನ ಮಾತನ್ನು ತನಗೇ ಹೇಳಿಕೊಂಡ.

ಅಂದು ಹೊಸ ಬಟ್ಟೆ ತಂದು ಹೊಲಿದ ಚಡ್ಡಿಗೆ ತಾತ ನೀರು ತುಂಬಿ ತೂಗುಹಾಕಲಿಲ್ಲ. ಯಾರನ್ನೂ ಕೂಗಿ ಕರೆಯಲಿಲ್ಲ. ಗುಬ್ಬಿಯ ತೊಡೆಯ ಹತ್ತಿರ ಎರಡು ಬೆರಳು ಇಳಿಸಿ ನೋಡಿದ, ಸಾಲಲಿಲ್ಲ, ಬಿಚ್ಚಿ ಮತ್ತೆ ಹೊಲಿದ. ಬಟ್ಟೆ ಕಿತ್ತ ಹಳೇ ಕೊಡೆಯ ಅಸ್ಥಿಪಂಜರವನ್ನು ಕಿಟಕಿಯ ಹೊರಗೆ ಬಿಸಿಲಿಗೆ ತೂಗುಹಾಕಿ, ಒಂದೊಂದು ಕಡ್ಡಿಗೆ ಒಂದೊಂದು ನ್ಯಾಪಿ ಒಣಹಾಕಿದ. ಗಿರಾಕಿ ಮುಂದೆ ನಿಂತಿದ್ದರೂ, "ಒಂದ್ನಿಮಿಷ ಇರ್ರಿ," ಎಂದು ಒಳಗೆ ಹೋಗಿ ಬೆರಳು ಹಾಕಿ ನೋಡಿ ಬರುತ್ತಿದ್ದ. ಚಪ್ಪಲಿಯವನು, "ಏನ್ ತಾತ, ಮುದುಕನಾದ ಮೇಲೆ ಆಯಾ ಕೆಲ್ಸ ಸಿಕ್ತಾ?" ಎಂದು ಕಾಲೆಳೆದ. "ಹೂಂ ಕಣೋ, ಬಡ್ತಿ ಸಿಕ್ಕಿದೆ," ಎಂದ ತಾತ.

ಆ ವಾರ ಮುಗಿಯುವ ಹೊತ್ತಿಗೆ ಕೆಂಪು ಇಳಿಯಿತು. ಗುಬ್ಬಿ ಮಲಗಿದಲ್ಲೇ ಕಾಲು ಬಡಿದು ಕೇಕೆ ಹಾಕತೊಡಗಿದಳು.

ಸೋಮವಾರ ಮಗಳು, ವಾಪಸ್ ಕೊಡುತ್ತೇನೆ ಎಂದಿದ್ದ ಯೂನಿಫಾರ್ಮನ್ನೇ ತೊಟ್ಟು ಹೊರಟಳು. ಹೋಗುವಾಗ ಹೊಸಿಲ ಹತ್ತಿರ ತಡೆದು ನಿಂತಳು, ಮಗುವಿನ ಕಡೆ ಒಮ್ಮೆ ತಿರುಗಿ ನೋಡಿ ನಡೆದಳು. ಅವಳ ಮನಸ್ಸಿನಲ್ಲಿ ಏನಿದೆ ಎಂದು ತಾತನಿಗೆ ಗೊತ್ತಿತ್ತು. ಇಡೀ ದಿನ ಅವನಿಗೂ ಅದೇ ಅಳುಕು.

ಸಂಜೆ ಬಂದವಳು ಚಪ್ಪಲಿ ಬಿಟ್ಟು, ಕೈ ತೊಳೆದು, ನೇರ ಮಗುವಿನ ಹತ್ತಿರ ಹೋಗಿ ಚಡ್ಡಿಯ ಅಂಚಿನಲ್ಲಿ ಬೆರಳು ಇಳಿಸಿದಳು.

"ಏನಮ್ಮ, ಮನೇಲೂ ಚೆಕ್ಕಿಂಗಾ?" ಎಂದ ತಾತ. ನಗಲು ನೋಡಿದ, ನಗು ಬರಲಿಲ್ಲ.

ನ್ಯಾಪಿ ಒಣಗಿತ್ತು. ಬಿಚ್ಚಿ ನೋಡಿದರೆ ಚರ್ಮ ಎಳೆ ಎಲೆಯ ಹಾಗೆ ನುಣ್ಣಗಿತ್ತು.  ಮಗಳು ಎದ್ದು, ಯೂನಿಫಾರ್ಮಿನ ಟೋಪಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸುತ್ತ, "ನಾಳೆ ಬೆಳಿಗ್ಗೆ ಬೇಗ ಹೋಗ್ಬೇಕಪ್ಪಾ. ನೀನಿದ್ದೀಯಲ್ಲ," ಎಂದಳು.

 ತಾತನ ಹೊಲಿಗೆಯನ್ನು ಹೊಗಳಿದವರು ಊರ ತುಂಬ ಇದ್ದರು. ಇಷ್ಟು ಸಂತೋಷ ಅವನಿಗೆ ಯಾವ ಹೊಗಳಿಕೆಯೂ ಕೊಟ್ಟಿರಲಿಲ್ಲ.

ಈಗಲೂ ಆ ಅಂಗಡಿಗೆ ಹೋದವರು ಬೈಸಿಕೊಂಡೇ ಬರುತ್ತಾರೆ. ಕೊಡೆಯ ಬಗ್ಗೆ ಮುಗಿಸಿ ತಾತ, "ಮನೇಲಿ ಮಗು ಇದ್ಯಾ?" ಎಂದು ಕೇಳುತ್ತಾನೆ. ಇದೆ ಎಂದರೆ ಇನ್ನೊಂದು ಸುತ್ತು.

ಅಮ್ಮಂದಿರೇ, ಅಪ್ಪಂದಿರೇ, ಅಜ್ಜಿ ತಾತಂದಿರೇ, ನಿಮಗೂ ಅದೇ ಮಾತು. ಪೆಟ್ಟಿಗೆಯಲ್ಲಿರುವ ಹಳೇ ಹತ್ತಿ ಬಟ್ಟೆ ಇಂದೇ ಹೊರಗೆ ತೆಗೆಯಿರಿ. ಹೊಲಿಗೆ ಬರದಿದ್ದರೆ ಬರುವವರನ್ನು ಕೇಳಿ, ನಾಚಿಕೆ ಬೇಡ. ಕೆಂಪು ಎರಡು ಮೂರು ದಿನದಲ್ಲಿ ಇಳಿಯದಿದ್ದರೆ, ಚರ್ಮ ಒಡೆದರೆ, ಕೀವು ಅಥವಾ ಜ್ವರ ಕಂಡರೆ ಮನೆಮದ್ದು ಮಾಡುತ್ತ ಕೂರದೆ ಆರೋಗ್ಯ ಕೇಂದ್ರಕ್ಕೆ ನಡೆಯಿರಿ. ಹಾಸಿಗೆ ಒಣಗಿದೆ ಎಂದು ಸುಮ್ಮನಾಗಬೇಡಿ, ಬೆರಳು ಹಾಕಿ ನೋಡಿ. ಒದ್ದೆ ಕೊಡೆಯನ್ನೇ ಮಡಚಿಡಬಾರದು ಎಂದ ಮೇಲೆ, ಒದ್ದೆ ಕೂಸನ್ನು ಮಡಚಿಡುವುದುಂಟೇ?