ಎರಡು ಬಸ್ಸು ಒಟ್ಟಿಗೇ ಬರುವುದೇಕೆ

ಗಣಿತದ ಮೇಡಂ ಹುಡುಗಿಯ ಕಾಗದವನ್ನು ಮೂರನೇ ಸಲ ವಾಪಸು ಕೊಟ್ಟರು. ಮೊದಲ ಸಲ ಅದರ ಮೇಲೆ ‘ಸುವರ್ಣ ಅನುಪಾತ’ ಎಂದಿತ್ತು, ಎರಡನೇ ಸಲ ‘ಅನಂತ’, ಈ ಸಲ ‘ಗಣಿತ ಮತ್ತು ಸಂಗೀತ’. ಶಾಲೆಯ ಕೊನೆಯ ವರ್ಷದವರೆಲ್ಲ ತಾವೇ ಒಂದು ವಿಷಯ ಆರಿಸಿಕೊಂಡು ಹನ್ನೆರಡು ಪುಟದ ಅನ್ವೇಷಣಾ ಪ್ರಬಂಧ ಬರೆಯಬೇಕಿತ್ತು. ವಿಷಯ ಒಪ್ಪಿಸಲು ಮುಂದಿನ ಶುಕ್ರವಾರ ಕಡೇ ದಿನ.

“ನಿನಗೆ ಸಂಗೀತ ಬರುತ್ತಾ?” ಎಂದು ಮೇಡಂ ಕೇಳಿದರು.

“ಇಲ್ಲ.”

“ಮತ್ತೆ ಇದು ಯಾಕೆ?”

“ಇಂಟರ್‌ನೆಟ್ಟಲ್ಲಿ ಚೆನ್ನಾಗಿತ್ತು.”

“ಚೆನ್ನಾಗಿರೋದನ್ನ ಯಾರೋ ಆಗಲೇ ಚೆನ್ನಾಗಿ ಬರೆದಾಗಿದೆ. ನಿನಗೆ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ತಾ. ಎಣಿಸಿ, ಅಳೆದು ನೋಡೋ ಹಾಗಿರಬೇಕು. ದೊಡ್ಡದೇನೂ ಬೇಡ.”

ಹುಡುಗಿ ಮುಖ ಊದಿಸಿಕೊಂಡು ಮನೆಗೆ ಬಂದಳು. ಎರಡು ಕೋಣೆಯ ಆ ಮನೆಯಲ್ಲಿ ಅವಳು, ಅಮ್ಮ ಮತ್ತು ಅಮ್ಮನ ಅಪ್ಪ, ಮೂರೇ ಜನ. ಅಜ್ಜ ಕಿಟಕಿಯ ಪಕ್ಕ ಕೂತು ತಮ್ಮ ಕನ್ನಡಕದ ತಿರುಪು ಬಿಗಿಮಾಡುತ್ತಿದ್ದರು. ಸಂಗತಿ ಕೇಳಿ, “ಎರಡೂ ಎರಡೂ ನಾಲ್ಕು ಅಂತ ಬರೆದುಕೊಡು ಮರಿ. ಯಾರಿದ್ದಾರೆ ತಪ್ಪು ಅನ್ನೋರು?” ಎಂದರು. ಅವಳಿಗೆ ನಗು ಬರಲಿಲ್ಲ.

ಅಮ್ಮ ಬಂದಾಗ ಸಂಜೆ ಆರು ದಾಟಿತ್ತು. ಅಮ್ಮ ಸಿಟಿ ಬಸ್ಸಿನ ಡ್ರೈವರು. ಏಳು ವರ್ಷದಿಂದ ಹದಿನೇಳನೇ ನಂಬರಿನ ಬಸ್ಸು ಓಡಿಸುತ್ತಿದ್ದಳು. ರೈಲು ನಿಲ್ದಾಣದಿಂದ ಹೊರಟು, ದೊಡ್ಡಾಸ್ಪತ್ರೆ ಸುತ್ತಿ, ನದಿಯಾಚೆಯ ಕಾರ್ಖಾನೆಯ ಗೇಟು ದಾಟಿ ಹೊಸ ಬಡಾವಣೆಯವರೆಗೆ ಹದಿನಾಲ್ಕು ನಿಲ್ದಾಣ. ಅಂದು ಅವಳು ಬೂಟು ಕಳಚುತ್ತಲೇ ಶುರು ಮಾಡಿದಳು.

“ಇವತ್ತೂ ಬೈಸಿಕೊಂಡೆ. ಆಸ್ಪತ್ರೆ ಹತ್ರ ಒಬ್ಬ ಹೆಂಗಸು, ಅರ್ಧ ಗಂಟೆ ಕಾಯ್ಸಿ ಇಬ್ಬರೂ ಒಟ್ಟಿಗೆ ಬರ್ತೀರಲ್ಲ, ಎಲ್ಲಿ ಕೂತು ಹರಟೆ ಹೊಡೀತಿದ್ರಿ ಅಂತ ಮುಖಕ್ಕೇ ಕೇಳಿದಳು. ಹತ್ತು ನಿಮಿಷಕ್ಕೊಂದು ಬಸ್ಸು ಬಿಡೋದು ನಾವು. ಆ ಮೆಲ್ಲಣ್ಣ ಮುಂದೆ ತೆವಳ್ಕೊಂಡು ಹೋಗ್ತಾ ಇದ್ರೆ ನಾನೇನು ಅವನ ತಲೆ ಮೇಲೆ ಹಾರಿ ಹೋಗ್ಲಾ?”

ಮೆಲ್ಲಣ್ಣ ಎಂದರೆ ಅವಳ ಮುಂದಿನ ಬಸ್ಸಿನ ಡ್ರೈವರು. ನಿವೃತ್ತಿಗೆ ಒಂದು ವರ್ಷ ಬಾಕಿಯಿದ್ದವನು. ಆ ಅಡ್ಡಹೆಸರು ಇಟ್ಟವಳೂ ಅಮ್ಮನೇ. ಇಬ್ಬರಿಗೂ ಮಾತು ಬಿಟ್ಟು ಎರಡು ವರ್ಷವಾಗಿತ್ತು.

ಹುಡುಗಿ ತಟ್ಟೆಯಿಂದ ತಲೆಯೆತ್ತಿದಳು. “ಅಮ್ಮ, ದಿನಾ ಹೀಗೇ ಆಗುತ್ತಾ?”

“ವಾರದಲ್ಲಿ ನಾಲ್ಕು ದಿನ.”

“ಅವನ ರಜಾ ದಿನ?”

“ಅವನ ಜಾಗಕ್ಕೆ ಯಾರು ಬಂದರೂ ಅವನ ಗಾಳಿ ಬಡಿದಿರುತ್ತೆ,” ಎಂದಳು ಅಮ್ಮ.

ಹುಡುಗಿ ಅಲ್ಲೇ ಪುಸ್ತಕ ತೆಗೆದು ಬರೆದುಕೊಂಡಳು: ಹತ್ತು ನಿಮಿಷದ ಅಂತರದಲ್ಲಿ ಹೊರಟ ಎರಡು ಬಸ್ಸುಗಳು ದಾರಿಯಲ್ಲಿ ಒಟ್ಟಿಗೆ ಸೇರುವುದೇಕೆ? ನಿಜವಾಗಿಯೂ ಅವಳಿಗೆ ಉತ್ತರ ಗೊತ್ತಿರಲಿಲ್ಲ. ಅಮ್ಮನಿಗೆ ಗೊತ್ತಿತ್ತು.

“ಬರಿ, ಚೆನ್ನಾಗಿ ಬರಿ,” ಎಂದು ಅಮ್ಮ ಹುರುಪಿನಿಂದ ಹೇಳಿದಳು. “ಒಂದು ಪ್ರತಿ ನನಗೂ ಕೊಡು. ಹೋದ ವಾರ ಅವನ ಮೇಲೆ ದೂರು ಬರೆದುಕೊಟ್ಟಿದ್ದೀನಿ. ಹದಿನೈದನೇ ತಾರೀಕು ಸೋಮವಾರ ಡಿಪೋದಲ್ಲಿ ವಿಚಾರಣೆ. ನನ್ನ ಮಾತು ನಂಬ್ತಾರೋ ಇಲ್ಲವೋ, ಅಂಕಿಸಂಖ್ಯೆ ಇದ್ರೆ ನಂಬಲೇಬೇಕು.”

“ದೂರು ನಿಜ ಅಂತಾದ್ರೆ ಅವನಿಗೇನು ಮಾಡ್ತಾರೆ?”

“ಇನ್ನೇನು, ಹೊರವಲಯದ ಡಿಪೋಗೆ ಹಾಕ್ತಾರೆ. ತೆವಳಲಿ ಅಲ್ಲಿ.”

ಮಾರನೇ ದಿನ ಶಾಲೆ ಬಿಟ್ಟ ಮೇಲೆ ಹುಡುಗಿ ಮೆಲ್ಲಣ್ಣನ ಬಸ್ಸು ಹತ್ತಿದಳು. ಡ್ರೈವರಿನ ಹಿಂದಿನ ಸೀಟು ಸಿಕ್ಕಿತು. ಪುಸ್ತಕದಲ್ಲಿ ಅಂಕಣ ಹಾಕಿಕೊಂಡಿದ್ದಳು: ಬಾಗಿಲು ತೆರೆದ ಹೊತ್ತು, ಹತ್ತಿದವರು, ಬಾಗಿಲು ಮುಚ್ಚಿದ ಹೊತ್ತು, ಸಿಗ್ನಲ್ಲಿನಲ್ಲಿ ನಿಂತದ್ದು. ಮೆಲ್ಲಣ್ಣ ದಪ್ಪ ಕತ್ತಿನ, ಸಣ್ಣ ದನಿಯ ಮನುಷ್ಯ. ಹತ್ತುವ ಮುದುಕಿಯರಿಗೆ “ಸಾವಕಾಶ, ಸಾವಕಾಶ” ಎನ್ನುತ್ತಿದ್ದ. ಹುಡುಗಿ ಮನಸ್ಸಿನಲ್ಲೇ, ನೋಡು, ಅಮ್ಮ ಹೇಳಿದ್ದು ಸರಿ, ಎಂದುಕೊಂಡಳು. ಎರಡು ದಿನ ಅವನ ಬಸ್ಸಿನಲ್ಲಿ ಹೋದಳು, ಶನಿವಾರ ಮತ್ತು ಸೋಮವಾರ ಅಮ್ಮನ ಬಸ್ಸಿನಲ್ಲಿ. ಅಮ್ಮ ಕನ್ನಡಿಯಲ್ಲಿ ಅವಳನ್ನು ನೋಡಿ ಹುಬ್ಬು ಹಾರಿಸುತ್ತಿದ್ದಳು, ಮತ್ತು ಆ ಎರಡೂ ದಿನ ತುಸು ಜೋರಾಗಿಯೇ ಓಡಿಸಿದಳು.

ಬುಧವಾರ ಸಂಜೆ ಹುಡುಗಿ ಎಲ್ಲವನ್ನೂ ಕೂಡಿ ಕಳೆದು ನೋಡಿದಳು. ಬಸ್ಸು ಚಲಿಸುತ್ತಿದ್ದ ಹೊತ್ತನ್ನಷ್ಟೇ ತೆಗೆದುಕೊಂಡರೆ, ಆ ತುದಿಯಿಂದ ಈ ತುದಿಗೆ ಮೆಲ್ಲಣ್ಣನಿಗೆ ಮೂವತ್ತೊಂದು ನಿಮಿಷ. ಅಮ್ಮನಿಗೆ ಮೂವತ್ತೊಂದೂವರೆ.

ತಪ್ಪಿರಬೇಕೆಂದು ಮತ್ತೆ ಕೂಡಿದಳು. ಅದೇ ಬಂತು.

ವ್ಯತ್ಯಾಸ ಇದ್ದದ್ದು ಬಾಗಿಲು ತೆರೆದಿದ್ದ ಹೊತ್ತಿನಲ್ಲಿ. ಒಬ್ಬೊಬ್ಬರು ಹತ್ತಲು ಸುಮಾರು ನಾಲ್ಕು ಸೆಕೆಂಡು. ಆಸ್ಪತ್ರೆಯ ಬಳಿ ನಿಮಿಷಕ್ಕೆ ಇಬ್ಬರಂತೆ ಜನ ಬಂದು ನಿಲ್ಲುತ್ತಿದ್ದರು. ಹತ್ತು ನಿಮಿಷಕ್ಕೆ ಇಪ್ಪತ್ತು ಜನ. ರೈಲು ನಿಲ್ದಾಣದಲ್ಲಿ ಒಂದು ರೈಲು ಬಂದು ಜನ ಮುಗಿಬಿದ್ದರೋ, ಮೆಲ್ಲಣ್ಣ ಅಲ್ಲೇ ಎರಡು ನಿಮಿಷ ಹಿಂದೆ ಬೀಳುತ್ತಿದ್ದ. ಆ ಎರಡು ನಿಮಿಷದಲ್ಲಿ ಮುಂದಿನ ನಿಲ್ದಾಣದಲ್ಲಿ ಇನ್ನಷ್ಟು ಜನ ಸೇರುತ್ತಿದ್ದರು. ಅವರನ್ನು ಹತ್ತಿಸಿಕೊಳ್ಳುವಷ್ಟರಲ್ಲಿ ಅವನು ಮತ್ತಷ್ಟು ಹಿಂದೆ. ಅವನ ಬೆನ್ನಿಗೆ ಬರುವ ಅಮ್ಮನಿಗೆ ಜನವೇ ಉಳಿದಿರುತ್ತಿರಲಿಲ್ಲ. ಬಾಗಿಲು ತೆರೆದು ಮುಚ್ಚುವುದು, ಹೊರಡುವುದು. ಮೂರು ಕಿಲೋಮೀಟರಿನಲ್ಲಿ ಅವಳು ಅವನ ಬಾಲ ಹಿಡಿಯುತ್ತಿದ್ದಳು.

ವಿಷಯ ಸಿಕ್ಕಿತ್ತು. ಮೇಡಂ ಕೇಳಿದಂಥದ್ದೇ. ಆದರೆ ಅಮ್ಮ ಆಗಲೇ ಡಿಪೋದ ಕ್ಯಾಂಟೀನಿನಲ್ಲಿ ನಾಲ್ಕು ಜನರೆದುರು, ನನ್ನ ಮಗಳು ಲೆಕ್ಕ ತರ್ತಾಳೆ, ಎಂದು ಹೇಳಿಕೊಂಡು ಬಂದಿದ್ದಳು. ಹುಡುಗಿ ಹೊಸ ಹಾಳೆ ತೆಗೆದು ‘ದಾಳ ಎಸೆದಾಗ ಆರು ಬೀಳುವ ಸಂಭವ’ ಎಂದು ಬರೆದಳು. ತರಗತಿಯಲ್ಲಿ ಆಗಲೇ ನಾಲ್ಕು ಜನ ಅದನ್ನೇ ತೆಗೆದುಕೊಂಡಿದ್ದರು. ಐದನೆಯವಳಾದರೆ ಆಕಾಶವೇನೂ ಕೆಳಗೆ ಬೀಳುವುದಿಲ್ಲ. ಅಮ್ಮನಿಗೆ, ಲೆಕ್ಕ ಸರಿಹೊಂದಲಿಲ್ಲ, ಕೈಬಿಟ್ಟೆ, ಎಂದರಾಯಿತು.

ಅಜ್ಜ ಹಾಳೆ ನೋಡಿದರು. “ಬಸ್ಸು ಎಲ್ಲಿ ಕೆಟ್ಟು ನಿಂತಿತು?”

ಅವಳು ಹೇಳಿದಳು. ಅಜ್ಜ, “ನಿಮ್ಮಮ್ಮನಿಗೆ ನಾನಂತೂ ಹೇಳಲ್ಲಪ್ಪ,” ಎಂದು ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡರು.

ತಾನು ಬಾಯಿ ಬಿಡದಿದ್ದರೆ ಮೆಲ್ಲಣ್ಣನನ್ನು ಹೊರವಲಯದ ಡಿಪೋಗೆ ಹಾಕಿಬಿಡುತ್ತಾರೆ ಎಂಬುದು ರಾತ್ರಿಯೆಲ್ಲ ಅವಳನ್ನು ಕೊರೆಯಿತು. ಗುರುವಾರ ಅಮ್ಮ ಊಟಕ್ಕೆ ಕೂತಾಗ ಹುಡುಗಿ ಲೆಕ್ಕದ ಹಾಳೆಯನ್ನು ಅವಳ ತಟ್ಟೆಯ ಪಕ್ಕ ಇಟ್ಟಳು. ಬಾಯಲ್ಲಿ ಹೇಳಲು ಧೈರ್ಯ ಬರಲಿಲ್ಲ. ಅಮ್ಮ ಎಡಗೈ ಬೆರಳಿಟ್ಟು ಸಾಲು ಸಾಲಾಗಿ ಓದಿದಳು.

“ಈ ಮೂವತ್ತೊಂದೂವರೆ ನನ್ನದಾ?”

“ಹೂಂ.”

“ಶನಿವಾರ ನನಗೆ ಸೇತುವೆ ಹತ್ರ ಸಿಗ್ನಲ್ ಬಿದ್ದಿತ್ತು.”

“ಸಿಗ್ನಲ್ ಕಳೆದಿದ್ದೀನಮ್ಮ. ಇಬ್ಬರದೂ.”

ಅಮ್ಮ ಊಟ ಬಿಟ್ಟು ಪೆನ್ಸಿಲ್ ತೆಗೆದುಕೊಂಡಳು. ಹದಿನಾಲ್ಕು ನಿಲ್ದಾಣದ ಮೊತ್ತವನ್ನು ತಾನೇ ಕೂಡಿದಳು. ಒಂದು ಕಡೆ ದಶಕ ತಪ್ಪಿ, ಮತ್ತೆ ಮೊದಲಿನಿಂದ ಕೂಡಿದಳು. ತಟ್ಟೆಯಲ್ಲಿದ್ದದ್ದು ಆರಿಹೋಯಿತು.

“ಎರಡು ದಿನದ ಲೆಕ್ಕ ತಾನೆ?”

“ಎರಡೇ ದಿನ. ತಪ್ಪಿರಬಹುದು. ನಾನು ದಾಳದ ಮೇಲೆ ಬರೀತೀನಿ ಬಿಡಮ್ಮ.”

“ದಾಳ ಯಾಕೆ?”

“ಸುಮ್ಮನೆ.”

“ನಿಮ್ಮ ಮೇಡಂಗೆ ಯಾವುದು ಇಷ್ಟ ಆಗುತ್ತೆ?”

ಹುಡುಗಿ ಬಸ್ಸಿನ ಹಾಳೆ ತೋರಿಸಿದಳು. ಅಮ್ಮ ಎದ್ದು ತಟ್ಟೆ ತೊಳೆದಳು. ತೊಳೆದದ್ದನ್ನೇ ಇನ್ನೊಮ್ಮೆ ತೊಳೆದಳು. ಬೆನ್ನು ತಿರುಗಿಸಿಯೇ, “ಅವನ ಬಸ್ಸು ತುಂಬಿರೋದು ನಾನು ದಿನಾ ನೋಡ್ತೀನಿ. ನಂದು ಖಾಲಿ ಇರೋದೂ ನೋಡ್ತೀನಿ. ಅದನ್ನ ಹೀಗೆ ಯೋಚನೆ ಮಾಡಿರಲಿಲ್ಲ,” ಎಂದಳು. ಕೈ ಒರೆಸಿಕೊಂಡು ಬಂದು, “ವಿಷಯ ಬದಲಾಯಿಸಬೇಡ. ಆ ಹಾಳೇನ ಚೆನ್ನಾಗಿರೋ ಅಕ್ಷರದಲ್ಲಿ ಇನ್ನೊಂದು ಸಲ ಬರೆದುಕೊಡು,” ಎಂದಳು.

ಶುಕ್ರವಾರ ಮೇಡಂ ವಿಷಯ ಓದಿ, ಅವಳು ತಲೆಬರಹದಲ್ಲಿ ಹಾಕಿದ್ದ ‘ನಗರದ ಬಸ್ಸುಗಳು’ ಎಂಬುದನ್ನು ಕೆಂಪು ಪೆನ್ನಿನಿಂದ ಹೊಡೆದು ‘ಒಂದು ಮಾರ್ಗ, ಒಂದು ದಿಕ್ಕು’ ಎಂದು ತಿದ್ದಿದರು. “ಇಷ್ಟೇ ನಿನ್ನ ಹೊಲ. ಬೇಲಿ ದಾಟಬೇಡ,” ಎಂದು ಸಹಿ ಹಾಕಿದರು.

ಸೋಮವಾರದ ವಿಚಾರಣೆಯ ಕಥೆಯನ್ನು ಅಮ್ಮನೇ ಬಂದು ಹೇಳಿದಳು. ಡಿಪೋ ಮ್ಯಾನೇಜರು ಹಾಳೆಯನ್ನು ಎರಡು ಸಲ ಓದಿ, “ದೂರು ಕೊಟ್ಟವರೂ ನೀವೇ, ಎದುರುಪಕ್ಷದ ಸಾಕ್ಷಿಯೂ ನೀವೇನಾ?” ಎಂದು ಕೇಳಿದರಂತೆ. ಅಮ್ಮ, ದೂರು ವಾಪಸು ತಗೋತೀನಿ, ತಪ್ಪು ತಿಳಿದಿದ್ದೆ, ಎಂದಳಂತೆ.

“ಅಷ್ಟಕ್ಕೆ ಅಲ್ಲೇ ಕೂತಿದ್ದ ಮೆಲ್ಲಣ್ಣ ಜೇಬಿನಿಂದ ಒಂದು ಕಾಗದ ತೆಗೆದ. ನನ್ನ ಮೇಲೆ ದೂರು. ನಾನು ಜನ ಹತ್ತಿಸ್ಕೋಬಾರದು ಅಂತ ಬೇಕೂಂತಲೇ ಅವನ ಹಿಂದೆ ಅಂಟ್ಕೊಂಡು ಬರ್ತೀನಂತೆ. ದುಡಿಯೋದು ಅವನು, ಖಾಲಿ ಬಸ್ಸು ಓಡಿಸಿ ಸಂಬಳ ತಗೊಳ್ಳೋದು ನಾನು.”

ಅಜ್ಜ ಗಟ್ಟಿಯಾಗಿ ನಕ್ಕರು. “ಕೊಟ್ಟನಾ?”

“ಹರಿದು ಹಾಕಿದ. ಹೊರಗೆ ಬಂದು ಇಬ್ಬರೂ ಕಾಫಿ ಕುಡಿದ್ವಿ. ಕ್ಷಮಿಸಿ ಅಂದೆ. ಹೂಂ ಅಂದ. ಮಾತು ಕಮ್ಮಿ ಅವನದು.”

ಮ್ಯಾನೇಜರು ವೇಳಾಪಟ್ಟಿ ಬದಲಿಸಲಿಲ್ಲ. ಅದು ತಮ್ಮ ಕೈಯಲ್ಲಿಲ್ಲ ಎಂದರು. ಇಬ್ಬರು ಡ್ರೈವರುಗಳು ತಮ್ಮತಮ್ಮಲ್ಲೇ ಒಂದು ಒಪ್ಪಂದಕ್ಕೆ ಬಂದರು. ಮೆಲ್ಲಣ್ಣ ಹಿಂದೆ ಬಿದ್ದ ದಿನ ಅಮ್ಮ ಆಸ್ಪತ್ರೆಯ ಬಳಿ ಎರಡು ನಿಮಿಷ ಬಾಗಿಲು ತೆರೆದೇ ನಿಲ್ಲುವುದು. ಬಸ್ಸಿನೊಳಗಿದ್ದವರು ಗೊಣಗುತ್ತಿದ್ದರು. ಕೆಲವು ದಿನ ಉಪಾಯ ಫಲಿಸುತ್ತಿತ್ತು. ಮಳೆ ಬಂದ ದಿನ ಮತ್ತೆ ಎರಡೂ ಬಸ್ಸು ಜೋಡೆತ್ತಿನಂತೆ ಬರುತ್ತಿದ್ದವು. ಹುಡುಗಿ ಅದನ್ನೂ ಬರೆದುಕೊಂಡಳು.

ಕರಡು ಪ್ರತಿಯನ್ನು ಮೆಲ್ಲಣ್ಣ ತಾನೂ ನೋಡಬೇಕು ಎಂದನಂತೆ. ಅಮ್ಮ ಕೊಟ್ಟುಬಂದಳು. ನಾಲ್ಕು ದಿನ ಬಿಟ್ಟು ಹುಡುಗಿ ಅವನ ಬಸ್ಸು ಹತ್ತಿದಾಗ ಅವನು ಸೀಟಿನ ಕೆಳಗಿನಿಂದ ಅದನ್ನು ತೆಗೆದು ಕೊಟ್ಟ.

“ಚೆನ್ನಾಗಿದೆ. ಇಳಿಯೋರನ್ನ ಎಲ್ಲಿ ಬಿಟ್ಟೆ?”

“ಯಾರನ್ನ?”

“ಹತ್ತೋರನ್ನ ಮಾತ್ರ ಎಣಿಸಿದ್ದೀಯ. ಕಾರ್ಖಾನೆ ಗೇಟಿನ ಹತ್ರ ಹತ್ತೋರು ಇಬ್ಬರು, ಇಳಿಯೋರು ನಲವತ್ತು. ನನಗೆ ಹೊತ್ತು ಹೋಗೋದು ಅಲ್ಲಿ.”

ಹುಡುಗಿ ಪುಸ್ತಕ ತಿರುವಿ ನೋಡಿದಳು. ಅಂಥದೊಂದು ಅಂಕಣವೇ ಇರಲಿಲ್ಲ. ಕಿವಿ ಬಿಸಿಯಾಯಿತು. ಒಪ್ಪಿಸಲು ಇನ್ನೂ ಮೂರು ವಾರ ಇತ್ತು. ಅವನ ಹಿಂದಿನ ಸೀಟಿನಲ್ಲಿ ಒಬ್ಬ ಮುದುಕ ಕೂತಿದ್ದ; ಅವಳು ಹಿಂಬಾಗಿಲ ಪಕ್ಕದ ಸೀಟಿಗೆ ಹೋಗಿ ಕೂತು, ಹೊಸ ಪುಟದಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದು, ಇಳಿಯುವವರನ್ನು ಎಣಿಸತೊಡಗಿದಳು.